ಸ್ಪೀಕರಿಗೆ ತುಂಬಿದ ತೆಂಗಿನ ನಾರು

ನಮ್ಮ ಮನೆಯ ಅಗ್ಗದ ಸ್ಪೀಕರ್ ಸೆಟ್ಟು ಸರಿಯಿಲ್ಲ ಎಂದು ಮೊದಲು ಹೇಳಿದವರು ಅಪ್ಪ. ಹಾಗಲವಾಡಿಯಲ್ಲಿ ಹರೆಯದಿಂದಲೂ ಊರ ನಾಟಕಗಳಿಗೆ ಬಣ್ಣ ಹಚ್ಚಿ ಹಾಡಿದವರು. ತುಮಕೂರಿನ ನಮ್ಮ ಮನೆಗೆ ಬಂದ ಮೇಲೆ ಅವರಿಗಿದ್ದ ದೊಡ್ಡ ಸುಖವೆಂದರೆ ನಾನು ಪೆನ್‌ಡ್ರೈವಿಗೆ ತುಂಬಿಸಿಕೊಟ್ಟ ರಂಗಗೀತೆಗಳು. "ಪದವೇ ತಿಳಿಯಾಕಿಲ್ಲ ಕಣೋ, ಬರೀ ಗುಂಯ್ ಅಂತದೆ," ಎಂದವರು ಸಂಜೆ ನಡುಮನೆಗೆ ಬರುವುದನ್ನೇ ಬಿಟ್ಟು ರೂಮಿನಲ್ಲಿ ಸುಮ್ಮನೆ ಕೂರತೊಡಗಿದರು. ನೋಡಿ ನನಗೆ ಸಂಕಟವಾಯಿತು.

ಸಂಕಟವಾದ ಮನುಷ್ಯ ಈಗ ಮೊಬೈಲಿನಲ್ಲಿ ವಿಡಿಯೋ ನೋಡುತ್ತಾನೆ. ವಾರದೊಳಗೆ ನಾನು ಶಬ್ದಶಾಸ್ತ್ರದ ಪಂಡಿತನಾದೆ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ದಿನವಿಡೀ ಯಂತ್ರದ ಮುಂದೆ ಕಿವಿಗೆ ಹತ್ತಿ ತುರುಕಿಕೊಂಡು ನಿಂತು, ಮನೆಯಲ್ಲೂ ಕೂಗಿಯೇ ಮಾತಾಡುವವನು ಎಂಬುದು ಈ ಪಾಂಡಿತ್ಯಕ್ಕೆ ಅಡ್ಡಿಯಾಗಲಿಲ್ಲ.

ಕುಣಿಗಲ್ಲಿನಿಂದ ಬಂದ ಹೆಂಡತಿಯ ತಮ್ಮ ಸೆಟ್ಟನ್ನು ಬೆರಳಲ್ಲೊಮ್ಮೆ ಕುಟ್ಟಿ ತೀರ್ಪು ಕೊಟ್ಟ. "ಇದು ಡಬ್ಬ, ಭಾವ. ಎಸ್ದು ಹೊಸದು ತಗೊಳಿ." ಬೇರೆಯವರ ಜೇಬಿನ ವಿಷಯದಲ್ಲಿ ಅವನದು ಯಾವಾಗಲೂ ವಿಶಾಲ ಹೃದಯ. ಗುಬ್ಬಿಯ ರಿಪೇರಿಯವನು ಬೇಡವೆಂದ. "ಬಾಕ್ಸು ಖಾಲಿ ಐತೆ ಸಾ, ಅದ್ಕೇ ಗುಂಯ್ ಅಂತದೆ. ಒಳಗೆ ಫೈಬರ್ ತುಂಬಿ, ಸರಿಹೋಯ್ತದೆ."

ತೆಂಗು ಬೆಳೆಯುವ ವಂಶದಲ್ಲಿ ಹುಟ್ಟಿ ನಾರನ್ನು ಅಂಗಡಿಯಲ್ಲಿ ಕೊಳ್ಳುವುದೇ? ತೋಟದಿಂದ ಒಂದು ಚೀಲ ನಾರು ತರಿಸಿದೆ. ಭಾನುವಾರ ಬೆಳಗ್ಗೆ ಎರಡೂ ಬಾಕ್ಸ್ ಬಿಚ್ಚಿ, ಹಾಸಿಗೆಗೆ ತುಂಬಿದ ಹಾಗೆ ತುಂಬಿ ಸ್ಕ್ರೂ ಬಿಗಿದೆ. ನಡುಮನೆಯ ತುಂಬ ಕಂದು ಪುಡಿ. "ಹಾಡದಿದ್ರೆ ಚಿಂತೆ ಇಲ್ಲ ಬಿಡಿ, ಪಾತ್ರೆ ಉಜ್ಜೋಕಾಯ್ತು," ಎಂದಳು ಹೆಂಡತಿ.

ಅಪ್ಪ ಒಪ್ಪಿದರೆ ಇದೇ ಸೆಟ್ಟು, ಒಪ್ಪದಿದ್ದರೆ ಹೊಸದು ಎಂದು ತೀರ್ಮಾನವಾಯಿತು. ರೂಮಿನಿಂದ ಅವರನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ ಸ್ವಿಚ್ ಒತ್ತಿದೆ. ನೀಲಿ ದೀಪ ಹೊತ್ತಿತು. ಸದ್ದು ಬರಲಿಲ್ಲ. ಹಿಂದೆ ಬಗ್ಗಿ ನೋಡಿದರೆ, ಪಂಡಿತರು ಸ್ಪೀಕರಿನ ವೈರುಗಳನ್ನು ಸಿಕ್ಕಿಸುವುದನ್ನೇ ಮರೆತಿದ್ದರು. ಅವನ್ನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅಪ್ಪನ ದನಿ ಕೇಳಿತು.

"ಈಗ ಸರಿಹೋಯ್ತು ಕಣೋ. ಒಂದೊಂದು ಪದಾನೂ ಬುಡಿಸ್ದಂಗೆ ಕೇಳ್ತದೆ. ಇನ್ನು ದುಡ್ಡು ಕಳೀಬ್ಯಾಡ."

ತಿರುಗಿ ನೋಡಿದೆ. ಅವರ ಕಣ್ಣು ನೀಲಿ ದೀಪದ ಮೇಲಿತ್ತು. ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಮೆಲ್ಲಗೆ ಗುನುಗುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಪೊರಕೆ ಹಿಡಿದಿದ್ದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಇಷ್ಟು ದಿನ ಡಬ್ಬದ ಕಿವಿ ಹಿಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ವೈರುಗಳನ್ನು ಕೆಳಗಿಟ್ಟು ಅವರೆದುರು ಹೋಗಿ ಕೂತು, ಮೊದಲ ಸಲ ಕೂಗದೆ ಕೇಳಿದೆ:

"ಬೇರೆ ಪದ ಹಾಕ್ಲಾ ಅಪ್ಪ?"

ಅವರು ನನ್ನ ತುಟಿ ನೋಡಿದರು.

"ಬ್ಯಾಡ ಬುಡು, ಇದೇ ಇರ್ಲಿ. ಇದು ನಾನು ಹಾಡ್ತಿದ್ದ ಪದ."