ಶೇಟರು ತೊಳೆದುಕೊಟ್ಟ ಬೆಂಡೋಲೆ

ನರಸಿಂಹ ಶೇಟರಿಗೆ ಮುಖಗಳು ನೆನಪಿರುತ್ತಿರಲಿಲ್ಲ, ಕಿವಿಗಳು ನೆನಪಿರುತ್ತಿದ್ದವು. ಅಂಗಡಿಗೆ ಬಂದವರು ಹೆಸರು ಹೇಳಿದರೂ ಗುರುತು ಹತ್ತದೆ ಕಣ್ಣು ಕಿರಿದು ಮಾಡುತ್ತಿದ್ದ ಮನುಷ್ಯ, ಅವರು ತುಸು ಪಕ್ಕಕ್ಕೆ ತಿರುಗಿದರೆ ಸಾಕು, "ಓ, ನೀವಾ! ಎಡಗಿವಿಯ ತೂತು ಸ್ವಲ್ಪ ಕೆಳಗೆ ಉಂಟಲ್ಲ, ಗೊತ್ತಾಯಿತು" ಎಂದು ಬಾಯ್ತುಂಬ ನಗುತ್ತಿದ್ದರು.

ಬಂದರಿನಲ್ಲಿ ಒಣಮೀನಿನ ಗೋಡೌನುಗಳ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಗಾಜಿನ ಕಪಾಟಿಲ್ಲ, ಬಣ್ಣದ ದೀಪಗಳಿಲ್ಲ. ಒಂದು ಚಾಪೆ, ಗಿಡ್ಡ ಮೇಜು, ಗೂಡಿನೊಳಗೊಂದು ಪುಟ್ಟ ತಕ್ಕಡಿ. ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ನಾನು ಕಾಲೇಜಿಗೆ ಹೋಗುವವಳೆಂದು ನನ್ನ ಹತ್ತಿರ ಮಾತ್ರ ಹಟ ಹಿಡಿದು ಕನ್ನಡವನ್ನೇ ಆಡುತ್ತಿದ್ದರು.

ಅಮ್ಮ ಅವರನ್ನು ಆರಿಸಿಕೊಂಡ ಬಗೆಯೇ ಒಂದು ಕಥೆ. ಎಪ್ಪತ್ತರ ದಶಕದ ಮೊದಲಲ್ಲಿ ಅಪ್ಪ ತೀರಿಕೊಂಡರು. ಅಲ್ಲಿಯವರೆಗೆ ಅಮ್ಮ ಒಬ್ಬಳೇ ಒಂದು ಮೂಗುಬೊಟ್ಟನ್ನೂ ಕೊಂಡವಳಲ್ಲ. ಚಿನ್ನಕ್ಕೆ ಸರಕಾರದ ಮುದ್ರೆ ಇಲ್ಲದ ಕಾಲ. ಅಂಗಡಿಯವನ ಮಾತೇ ಮುದ್ರೆ. ಅಮ್ಮ ಅಜ್ಜಿಯ ಕಾಲದ ಒಂದು ಬಳೆಯನ್ನು ಹಿಡಿದುಕೊಂಡು ಮೂರು ಅಂಗಡಿ ಹತ್ತಿದಳು. ಇಬ್ಬರು, "ಕೊಡಿ, ಕರಗಿಸಿ ಹೊಸ ಫ್ಯಾಶನ್ನಿನದ್ದು ಮಾಡುವ" ಎಂದರು. ಶೇಟರು ಬಳೆಯನ್ನು ಒರೆಗಲ್ಲಿಗೆ ಉಜ್ಜಿ, ತಿರುಗಿಸಿ ತಿರುಗಿಸಿ ನೋಡಿ, ಅಮ್ಮನ ಕೈಗೇ ಮರಳಿಸಿದರು.

"ಇದನ್ನು ಕರಗಿಸಬೇಡಿ ಅಕ್ಕ. ಇಂಥ ಕೆಲಸ ಈಗ ಯಾರಿಗೂ ಬರುವುದಿಲ್ಲ. ನನಗೂ ಬರುವುದಿಲ್ಲ."

ಬಸ್ಸಿನಲ್ಲಿ ಬಿಕರ್ನಕಟ್ಟೆಯ ಮನೆಗೆ ಮರಳುವಾಗ ಅಮ್ಮ ಹೇಳಿದಳು: "ತನಗೆ ಬರುವುದಿಲ್ಲ ಅಂತ ಹೇಳಿದವರು ಇವರೊಬ್ಬರೇ. ನಮಗೆ ಇನ್ನು ಇವರೇ ಸಾಕು."

ಅಕ್ಕನ ಮದುವೆ ಗೊತ್ತಾದಾಗ ಅಮ್ಮ ತನ್ನ ತಾಯಿಯ ವಜ್ರದ ಬೆಂಡೋಲೆಗಳನ್ನು ಶೇಟರಿಗೆ ಕೊಟ್ಟಳು. ಓಲೆಗೆ ಏಳರಂತೆ ಹದಿನಾಲ್ಕು ಕಲ್ಲು. ಕಲ್ಲು ಕೂರಿಸಿದ ಕಟ್ಟು ಸಡಿಲಾಗಿತ್ತು, ಕಲ್ಲುಗಳು ಮಂಕಾಗಿದ್ದವು. ಶೇಟರು ವಾರ ಕಳೆದು ಕೊಟ್ಟಾಗ ಅವು ಕಣ್ಣು ಕೋರೈಸುವಂತೆ ಹೊಳೆಯುತ್ತಿದ್ದವು. ಆ ಹೊಳಪೇ ನಮಗೆ ಮುಳುವಾಯಿತು.

ಮದುವೆಗೆ ಹತ್ತು ದಿನವಿರುವಾಗ ಹುಡುಗನ ಸೋದರತ್ತೆ ಒಡವೆ ನೋಡಲು ಬಂದರು. ಬೆಂಡೋಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಹಳೆಯ ವಜ್ರ ಹೀಗೆ ಹೊಳೆಯುವುದುಂಟಾ? ಇದು ಅಮೆರಿಕನ್ ಡೈಮಂಡ್, ನಕಲಿ ಕಲ್ಲು. ಒಂದೋ ನಿಮಗೆ ಯಾರೋ ಮೋಸ ಮಾಡಿದ್ದಾರೆ, ಅಲ್ಲದಿದ್ದರೆ..." ಎಂದು ನಿಲ್ಲಿಸಿದರು. ಉಳಿದ ಅರ್ಧ ಮಾತು ಎಲ್ಲರಿಗೂ ಕೇಳಿಸಿತು. ಅಕ್ಕ ಎದ್ದು ಒಳಗೆ ಹೋದಳು. ಅಮ್ಮನ ಮುಖ ಬಿಳುಚಿಕೊಂಡಿತು. ಶೇಟರ ಮೇಲೆ ಅವಳಿಗೂ ಒಂದು ಗಳಿಗೆ ಸಂಶಯ ಬಂದಿತ್ತೆಂದು ಬಹಳ ವರ್ಷಗಳ ನಂತರ ನನ್ನೊಡನೆ ಒಪ್ಪಿಕೊಂಡಳು.

ಮರುದಿನ ನಾನೇ ಬಂದರಿಗೆ ಹೋದೆ. ತಡವರಿಸುತ್ತ ನಡೆದದ್ದನ್ನು ಹೇಳಿದೆ. ಶೇಟರು ಪೂರ್ತಿ ಕೇಳಿದರು, ಸಿಟ್ಟಾಗಲಿಲ್ಲ.

"ನಾನು ಸರಿ ಉಂಟು ಅಂದರೆ ಅದಕ್ಕೆ ಬೆಲೆ ಇಲ್ಲ. ನನ್ನ ಕೆಲಸಕ್ಕೆ ನಾನೇ ಸಾಕ್ಷಿ ಆಗ್ಲಿಕ್ಕೆ ಆಗ್ತದಾ ಮಾರಾಯ್ತಿ? ಸದಾನಂದನ ಹತ್ತಿರ ತೋರಿಸುವ. ಅವನಿಗೆ ನನ್ನನ್ನು ಕಂಡರಾಗುವುದಿಲ್ಲ, ಆದರೆ ಕಲ್ಲಿನ ವಿಷಯದಲ್ಲಿ ಸುಳ್ಳು ಹೇಳುವವನಲ್ಲ. ಆ ಅತ್ತೆಯವರನ್ನೂ ಕರ್ಕೊಂಡು ಬನ್ನಿ."

ಸದಾನಂದ ಶೇಟರು ಅವರ ಚಿಕ್ಕಪ್ಪನ ಮಗ. ಅಂಗಡಿ ಪಾಲಾದಂದಿನಿಂದ ಇಬ್ಬರಿಗೂ ಮಾತಿಲ್ಲ. ಅದೇ ಸಂಜೆ ನಾವೆಲ್ಲ ಆ ಅಂಗಡಿಯಲ್ಲಿ ಕೂತೆವು. ನಮ್ಮ ಶೇಟರು ಒಳಗೆ ಬರದೆ ಹೊಸ್ತಿಲಾಚೆ ನಿಂತರು. ಸದಾನಂದ ಶೇಟರು ಕಲ್ಲುಗಳ ಮೇಲೆ ಉಸಿರು ಬಿಟ್ಟರು. ಮಂಜು ಕೂತಷ್ಟೇ ಬೇಗ ಮಾಯವಾಯಿತು; ನಿಜವಾದ ವಜ್ರದ ಮೇಲೆ ಅದು ನಿಲ್ಲುವುದಿಲ್ಲವಂತೆ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ಕಲ್ಲನ್ನು ನೋಡತೊಡಗಿದರು. ಅಮ್ಮ ನನ್ನ ಕೈಯನ್ನು ಹಿಂಡುತ್ತಿದ್ದಳು.

"ಹದಿನಾಲ್ಕೂ ವಜ್ರವೇ" ಎಂದರು ಕೊನೆಗೆ. "ಇಗೊಳ್ಳಿ, ಈ ಕಲ್ಲಿನೊಳಗೆ ಒಂದು ಕಪ್ಪು ಚುಕ್ಕೆ ಉಂಟು, ಹುಟ್ಟಿನಿಂದ ಬಂದದ್ದು. ನಕಲಿ ಕಲ್ಲಿಗೆ ಯಾರಾದರೂ ಕಳಂಕ ಹಾಕ್ತಾರಾ?"

"ಹೌದು, ನನ್ನ ಅಮ್ಮ ಆ ಚುಕ್ಕೆಯ ಸುದ್ದಿ ಹೇಳ್ತಿದ್ದರು!" ಎಂದವಳೇ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಹಾಗಾದರೆ ಇಷ್ಟು ಹೊಳಪು ಎಲ್ಲಿಂದ?" ಅತ್ತೆ ಇನ್ನೂ ಬಿಡಲಿಲ್ಲ.

ಹೊಸ್ತಿಲಾಚೆಯಿಂದ ನಮ್ಮ ಶೇಟರು ಉತ್ತರಿಸಿದರು: "ಕಲ್ಲಿನ ಹಿಂದೆ ನಲ್ವತ್ತು ವರ್ಷದ ತೆಂಗಿನೆಣ್ಣೆ ಇತ್ತು ಅಮ್ಮ. ಅಂಟುವಾಳದ ನೀರಿನಲ್ಲಿ ತೊಳೆದದ್ದು, ಅಷ್ಟೇ."

ಅತ್ತೆ ತಮ್ಮ ಓಲೆ ಮುಟ್ಟಿಕೊಂಡರು. "ನನ್ನದನ್ನೂ ತೊಳೆದು ಕೊಡ್ತೀರಾ?"

"ಕೊಡ್ತೇನೆ. ಆದರೆ ಹೊಳೆದರೆ ಬೈಬಾರದು!"

ಮೊದಲು ನಕ್ಕವರು ಸದಾನಂದ ಶೇಟರೇ. ನಕ್ಕದ್ದಕ್ಕೆ ನಾಚಿದವರಂತೆ ಅಮ್ಮನ ಕಡೆ ತಿರುಗಿ, "ಕಟ್ಟು ಒಳ್ಳೆಯದಾಗಿದೆ. ಕಾಫಿ ಕುಡಿದು ಹೋಗಲಿಕ್ಕೆ ಹೇಳಿ ಅವರಿಗೆ" ಎಂದರು. ನಮ್ಮ ಶೇಟರು ಚಪ್ಪಲಿ ಕಳಚಿ ಒಳಗೆ ಬಂದರು.

ಎಂಬತ್ತರ ದಶಕದ ಮಧ್ಯದಲ್ಲಿ ನನ್ನ ಮದುವೆ. ಕರಿಮಣಿ ಸರ ಮಾಡಿಸಲು ಹೋದರೆ ಶೇಟರು ಆಗದೆಂದು ಕೈಯಲ್ಲಾಡಿಸಿದರು. "ಕಣ್ಣು ಸಾಲುವುದಿಲ್ಲ. ಕೊಡಿಯಾಲ್‌ಬೈಲಿನ ಹೊಸ ಅಂಗಡಿಯಲ್ಲಿ ಮಾಡಿಸು. ಆದ ಮೇಲೆ ಒಮ್ಮೆ ತಂದು ತೋರಿಸು."

ತಂದು ತೋರಿಸಿದೆ. ಸರವನ್ನು ಅಂಗೈಯಲ್ಲಿ ತೂಗಿದರು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಬೆಸುಗೆಗಳನ್ನು ಒಂದೊಂದಾಗಿ ಸವರುತ್ತ ಹೋದರು. 

"ಒಳ್ಳೆಯ ಕೆಲಸ. ಹೆದರಬೇಡ, ಹಾಕಿಕೋ. ಈಗ ಬೇಗ ಮನೆಗೆ ಹೋಗು, ಅಮ್ಮ ಕಾಯ್ತಾ ಇರ್ತಾರೆ."

ಅದೇ ಕೊನೆಯ ಭೇಟಿ. ನನ್ನ ಮದುವೆಯಾಗಿ ನಾಲ್ಕು ತಿಂಗಳಿಗೆ ಶೇಟರು ಹೋದರು. ಸುದ್ದಿ ಬಂದಾಗ ನಾನು ಅಮ್ಮನ ಮನೆಯಲ್ಲಿದ್ದೆ. ಅಮ್ಮ ನನ್ನ ಕೊರಳ ಸರವನ್ನು ಎತ್ತಿ, ಅವರು ಸವರಿದ ಬೆಸುಗೆಗಳನ್ನು ತಾನೂ ಮುಟ್ಟಿ ನೋಡಿ, "ಇದೊಂದನ್ನು ನೋಡಿ ಹೋದರಲ್ಲ, ಸಾಕು" ಎಂದಳು.