ಶಿಕಾರಿ ಬಂಗ್ಲೆಯ ಹುಲಿ

ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ, ಮಕ್ತಲ್ ಹತ್ತಿರದ ಒಬ್ಬ ಜಾಗೀರದಾರರ ಶಿಕಾರಿ ಬಂಗ್ಲೆಗೆ ಸರ್ಕಾರದ ಬೀಗ ಹಾಕಲು ನನ್ನನ್ನೂ ಒಬ್ಬ ಸಿಪಾಯಿಯನ್ನೂ ಕಳಿಸಿದರು. ಬಾಗಿಲಿಗೆ ಕೈ ಹಾಕಿದ್ದೇ ತಡ, ಹಿಂದಿನ ಪೊದೆಯೊಳಗೆ ಹುಲಿ ಗರ್ಜಿಸಿತು. ಸಿಪಾಯಿ ಬೇವಿನ ಮರ ಹತ್ತಿದ. ಅವನ ಕಾಲು ಹಿಡಿದು ನಾನೂ ಹತ್ತಿದೆ.

ಪೊದೆಯಿಂದ ಕಂಬಳಿ ಹೊದ್ದ ಮುದುಕನೊಬ್ಬ ಬಂದ. “ಅಂಜಬ್ಯಾಡ್ರಿ ಸಾಹೇಬ್ರ, ಒದರಿದ್ದು ನಾನ.”

ಈ ಕಾಡಲ್ಲಿ ಎಂದೂ ಹುಲಿ ಇರಲಿಲ್ಲವಂತೆ. ಬಂಗ್ಲೆ ಕಟ್ಟಿಸಿದ ಮೇಲೆ ಅದು ತಿಳಿದ ಹಿರಿಯ ಜಾಗೀರದಾರರು, ಹೈದರಾಬಾದಿನಿಂದ ಬೇಟೆಗೆ ಬರುವ ಮೆಹಮಾನರಿಗೆ ಹುಲಿಯ ದನಿಯನ್ನಾದರೂ ಕೇಳಿಸಲು ಮುದುಕನ ಅಪ್ಪನನ್ನು ಕರೆತಂದು, ಹೊಲ ಕೊಟ್ಟು ಕೂಡಿಸಿದರಂತೆ. ಅಪ್ಪನ ನಂತರ ಒದರುವ ಕೆಲಸ ಮಗನಿಗೆ ಬಂತು; ಪಕ್ಕದ ದೊಡ್ಡಿ, ಅಂದರೆ ಇವರ ನಾಲ್ಕಾರು ಮನೆಗಳ ಸಣ್ಣ ಹಳ್ಳಿ, ಬೆಳೆದದ್ದೇ ಹಾಗೆ.

“ಮತ್ತ ಈಗ್ಯಾಕ ಒದರಿದಿ, ಮುತ್ಯಾ?”

“ಬೀಗ ಬಿದ್ರ ನಮ್ಮ ಹೊಲಾನೂ ಹೋಗತೈತೇನೋ ಅಂತ ಅಂಜಿದೆ. ಹೊಸ ಸರ್ಕಾರಕ್ಕ ಹುಲಿ ಬೇಕಾಗಂಗಿಲ್ಲೇನ್ರಿ?”

“ಬೀಗ ಬಂಗ್ಲೆಗಷ್ಟ. ಹೊಲ ನಿಂದ ಐತಿ,” ಎಂದೆ.

ಮುದುಕ ಖುಷಿಗೆ ಇನ್ನೊಮ್ಮೆ ಗರ್ಜಿಸಿದ. ಅರ್ಧ ಇಳಿದಿದ್ದ ಸಿಪಾಯಿ ಮತ್ತೆ ಮೇಲೆ ಹೋದ.

ಆಮೇಲೆ ಸಿಪಾಯಿ ಊರೆಲ್ಲ ತಾನು ಹುಲಿ ಕಂಡೆನೆಂದು ಹೇಳಿಕೊಂಡು ತಿರುಗಿದ. ಜನ ನನ್ನನ್ನು ಕೇಳಿದರೆ ನಾನೂ ಹೌದೆನ್ನುತ್ತಿದ್ದೆ. ಮುದುಕನಿಗೆ ಹೆದರಿದೆವು ಅನ್ನುವುದಕ್ಕಿಂತ ಅದೇ ವಾಸಿ.