ಜಿಮ್ಮರ್‌ಮನ್ನರ ಬೇಲಿ

ಹೂಸ್ಟನ್ ಪಕ್ಕದ ಕೇಟಿ ಎಂಬ ಊರಿನಲ್ಲಿರುವ ಮೌನೇಶ ಹೆಬ್ಬಳ್ಳಿಯವರ ಕಿವಿಗೆ ಜರ್ಮನ್ ಅಡ್ಡಹೆಸರೊಂದು ಬಿದ್ದರೆ ಸಾಕು, ಕೈಯಲ್ಲಿದ್ದ ಕಾಫಿ ತಣ್ಣಗಾದಂತೆಯೇ. ಸೊಂಟಕ್ಕೆ ಪೇಜರು ಸಿಕ್ಕಿಸಿಕೊಂಡು ತೈಲ ಕಂಪನಿಯಲ್ಲಿ ಪೈಪು ನೋಡಿಕೊಳ್ಳುವ ಈ ಧಾರವಾಡದ ಇಂಜಿನಿಯರಿಗೆ ಟೆಕ್ಸಾಸಿನ ಜರ್ಮನ್ನರ ಕುಲಕಸುಬು ಅವರಿಗಿಂತ ಚೆನ್ನಾಗಿ ಗೊತ್ತು. ಹಲ್ಲಿನ ಡಾಕ್ಟರ್ ಶ್ಮಿಟ್ ಇಕ್ಕಳ ಹಿಡಿದು ನಿಂತಾಗಲೂ ಇವರು ಬಾಯಿ ತೆರೆಯುವುದು ಶ್ಮಿಟ್ ಎಂದರೆ ಕಮ್ಮಾರ ಎಂದು ತಿಳಿಸುವುದಕ್ಕೆ. ಕನ್ನಡದವರ ಊಟದಲ್ಲಿ "ಒಂದ ಊರಾಗ ಹತ್ತು ಮಂದಿ ಯೋಹಾನ್ ಇದ್ರ ಗುರುತು ಹ್ಯಾಂಗ ಹಿಡೀಬೇಕ್ರಿ? ಅದಕ್ಕ ಕಸಬನ್ನ ಹೆಸರಿಗೆ ಹಚ್ಚಿದ್ರು. ಮುಲ್ಲರ್ ಗಿರಣಿಯಾಂವ, ಶ್ನೈಡರ್ ಸಿಂಪಿಗ" ಎಂದು ಶುರುವಾದರೆ, ಹೆಂಡತಿ ಗೋದಾವರಿ "ಸಾಕ್ರಿ, ಜನಗಣತಿಗೆ ಬಂದೀರೇನು?" ಎಂದು ತೋಳು ಹಿಡಿದು ಎಳೆಯಬೇಕು. ನಿಮ್ಮ ಹೆಸರಿನ ಅರ್ಥವೇನೆಂದು ಯಾರಾದರೂ ತಿರುಗಿ ಕೇಳಿದರೆ ಮಾತ್ರ "ಅದು ಬರೇ ಊರ ಹೆಸರ್ರಿ" ಎಂದು ಹೂಸ್ಟನ್ನಿನ ಸೆಕೆಯ ಕಡೆಗೆ ಹೊರಳುತ್ತಾರೆ. ಕಾಲೇಜಿನಲ್ಲಿ ಗೆಳೆಯರ ನಗೆಗೆ ಅಂಜಿ ಮನೆತನದ ಹೆಸರು ಕಳಚಿಟ್ಟು ಊರ ಹೆಸರು ತೊಟ್ಟಿದ್ದು ಗೋದಾವರಿಯವರಿಗೊಬ್ಬರಿಗೇ ಗೊತ್ತು. ಮೊನ್ನೆಯ ಗಾಳಿಗೆ ಮನೆಗಳ ನಡುವಿನ ಮರದ ಬೇಲಿ ಬಿತ್ತು. ಪಕ್ಕದ ಮನೆಯ ಮುದುಕ ಜಿಮ್ಮರ್‌ಮನ್, ಹೆಸರಿನ ಪ್ರಕಾರ ಬಡಗಿ, ಹೊಡೆದ ಮೊಳೆಗಳನ್ನೆಲ್ಲ ಸೊಟ್ಟ ಮಾಡುತ್ತಿದ್ದುದನ್ನು ನೋಡಲಾರದೆ ಇವರು ಸುತ್ತಿಗೆ ಕಸಿದುಕೊಂಡರು. ಅಪ್ಪನ ಹಾಗೆಯೇ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಹಲಗೆಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಒಂದೂ ಬಾಗದಂತೆ ಹೊಡೆದರು. "ಇದನ್ನೆಲ್ಲಿ ಕಲಿತಿರಿ?" ಮುದುಕ ಕೇಳಿದ. ಇನ್ನು ಸೆಕೆಯ ಮಾತು ಬರುತ್ತದೆಂದು ಗೋದಾವರಿ ಕಿಟಕಿಯಲ್ಲಿ ಕಾದರು. ಮೌನೇಶ ತುಟಿಯಲ್ಲಿದ್ದ ಕೊನೆಯ ಮೊಳೆ ತೆಗೆದರು. "ಮನ್ಯಾಗ" ಎಂದರು. "ನಾವೂ ಜಿಮ್ಮರ್‌ಮನ್ನರ ಅದೀವ್ರಿ. ನಮ್ಮ ಕಡೆ ಬಡಿಗೇರ ಅಂತಾರ."